ಕೌದಿ ಹೊಲಿಯುವವಳು ಕಂಡ ಮಂದಿ

ಶಿಷ್ಯ ಕೇಳಿದ: “ಗುರುಗಳೇ, ಕೇಳಿದವರಿಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ. ಕೇಳದವರ ಮುಂದೆ ಸುಮ್ಮನಿರುತ್ತೇನೆ. ಇದರಲ್ಲಿ ತಪ್ಪಿದೆಯೇ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಣ್ಣಿನ ವೈದ್ಯನಿದ್ದ. ಅವನ ಕೈ ಒಮ್ಮೆಯೂ ನಡುಗಿದ್ದಿಲ್ಲ. ಅವನಿಂದ ಪೊರೆ ತೆಗೆಸಿಕೊಂಡ ಮುದುಕಿಯರು ವಾರ ಕಳೆಯುವುದರೊಳಗೆ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಸುತ್ತಲಿನ ಹಳ್ಳಿಗಳ ಜನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು ಅವನ ಬೆಂಚುಗಳ ಮೇಲೆ ಕೂರುತ್ತಿದ್ದರು.

ಆದರೆ ಅವನು ಮಾತಾಡುತ್ತಿರಲಿಲ್ಲ. ಗದ್ದ ಇಲ್ಲಿಡು, ಮೇಲೆ ನೋಡು, ಕೆಳಗೆ ನೋಡು, ಆಯಿತು. ಇಷ್ಟೇ. ಒಬ್ಬೊಬ್ಬರೊಡನೆ ಮಾತಾಡುತ್ತ ಕೂತರೆ ಕೊನೆಯವನ ಸರದಿ ಬರುವುದಿಲ್ಲ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ದೀಪ ಹಿಡಿದು ಕಣ್ಣಿನೊಳಗೆ ಇಣುಕಿದರೆ ಅದು ಯಾರ ಕಣ್ಣು ಎಂದು ಹೇಳಬಲ್ಲವನಾಗಿದ್ದ. ಅದೇ ಮನುಷ್ಯ ಸಂತೆಯಲ್ಲಿ ಎದುರಾಗಿ ಕೈಮುಗಿದರೆ ಅವನಿಗೆ ಗುರುತು ಹತ್ತುತ್ತಿರಲಿಲ್ಲ.

ಅವನ ಬಳಿಗೆ ಫಕೀರವ್ವ ಎಂಬ ಮುದುಕಿ ಬಂದಳು. ಕೌದಿ ಹೊಲಿಯುವವಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿದು ಹೊದಿಕೆ ಮಾಡುವುದರಲ್ಲೇ ಆಯುಷ್ಯ ಕಳೆದವಳು. ಸೂಜಿಗೆ ದಾರ ಪೋಣಿಸಲು ಬಾರದಾಗಿ ಸೊಸೆಯ ಕೈಹಿಡಿದು ಬಂದಿದ್ದಳು. ವೈದ್ಯ ನೋಡಿದ. ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಒಣಗುತ್ತಿತ್ತು. ಹೋದದ್ದು ಮರಳಿ ಬರುವಂಥದಲ್ಲ. ಅಂಚಿನ ನೋಟ ಮಾತ್ರ ಉಳಿಯುವಂಥದು. ಸೊಸೆಗೆ ಅಷ್ಟು ಹೇಳಿ, ಔಷಧ ಬರೆದು, ಮೂರು ತಿಂಗಳಿಗೆ ಬನ್ನಿ ಎಂದ.

ಅವನಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಹೀಗೆ ನೋಟ ಕಳೆದುಕೊಳ್ಳುವವರಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಕಣ್ಣು ಏನನ್ನೂ ತಂದುಕೊಡದಾಗ ಮಿದುಳು ತಾನೇ ಚಿತ್ರ ಬರೆದುಕೊಳ್ಳುತ್ತದೆ. ಅದು ಹುಚ್ಚಲ್ಲ, ದೆವ್ವವೂ ಅಲ್ಲ. ಇದನ್ನು ಅವನು ಓದುವ ಕಾಲದಲ್ಲೇ ಓದಿದ್ದ. ಮೊದಲೇ ಹೇಳಿದರೆ ಹೆದರಿಯಾರು, ಕೇಳಿದರೆ ಹೇಳೋಣ ಎಂದು ಬಿಟ್ಟಿದ್ದ. ಮೂವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಒಂದು ದಿನ ಮಧ್ಯಾಹ್ನ ಫಕೀರವ್ವ ಪಡಸಾಲೆಯಲ್ಲಿ ಕೂತಿದ್ದಾಗ ಎದುರು ಗೋಡೆಗೆ ಒರಗಿ ಒಬ್ಬ ಗಂಡಸು ಕೂತಿದ್ದ. ತಲೆಗೆ ಕೆಂಪು ರುಮಾಲು. ಅವಳಿಗೆ ಆಗ ಸೊಸೆಯ ಮುಖ ಕಾಣುತ್ತಿರಲಿಲ್ಲ. ಮುಖವಿರಬೇಕಾದ ಕಡೆ ಹೊಗೆಯಂಥ ಮಸುಕು. ಈ ಗಂಡಸಿನ ರುಮಾಲಿನ ಎಳೆ ಎಳೆಯೂ ಕಾಣುತ್ತಿತ್ತು. ಅಂಗಿಯ ತೋಳಿಗೆ ಹಾಕಿದ ಹೊಲಿಗೆಗಳನ್ನು ಅವಳು ಎಣಿಸಬಹುದಾಗಿತ್ತು.

“ಯಾರು ಬಂದಾರ?” ಎಂದು ಒಳಗೆ ಕೂಗಿ ಕೇಳಿದಳು.

“ಯಾರೂ ಇಲ್ಲಲ್ಲ ಅತ್ತಿ,” ಎಂದಳು ಸೊಸೆ. ಆ ಗಂಡಸಿನ ಪಕ್ಕದಲ್ಲೇ ಹಾದು ನೀರಿಗೆ ಹೋದಳು.

ಮರುದಿನ ಮೂವರಿದ್ದರು. ವಾರದೊಳಗೆ ಗೋಡೆಯುದ್ದಕ್ಕೂ ಮಂದಿ. ಕೊಡ ಹೊತ್ತ ಹೆಂಗಸರು ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಒಳಗೂ ಬರುತ್ತಿರಲಿಲ್ಲ, ಹೊರಗೂ ಹೋಗುತ್ತಿರಲಿಲ್ಲ. ಯಾರದೂ ಸಪ್ಪಳವಿಲ್ಲ. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಇರುತ್ತಿರಲಿಲ್ಲ. ತೆರೆದರೆ ಇರುತ್ತಿದ್ದರು.

ಅವಳು ಯಾರಿಗೂ ಹೇಳಲಿಲ್ಲ. ಅವರ ಓಣಿಯಲ್ಲಿ ಹಿಂದೆ ಒಬ್ಬಳು ಹೀಗೆಯೇ ಏನೋ ಕಾಣುತ್ತದೆ ಎಂದಿದ್ದಳು. ಅವಳನ್ನು ಕಟ್ಟಿಹಾಕಿದ್ದನ್ನು ಫಕೀರವ್ವ ನೋಡಿದ್ದಳು. ಮನೆಯಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ಹುಚ್ಚಿಯ ಕೈಗೆ ಯಾರು ಕೂಸು ಕೊಡುತ್ತಾರೆ? ಆದ್ದರಿಂದ ಅವಳು ಗೋಡೆಯ ಮಂದಿಯನ್ನು ಸುತ್ತುಹಾಕಿ ನಡೆಯುವುದನ್ನು ಕಲಿತಳು. ಸೊಸೆ ಕೇಳಿದರೆ ಕಾಲು ನೋವು ಎನ್ನುತ್ತಿದ್ದಳು.

ಒಂದು ದಿನ ಆ ಮಂದಿ ತೊಟ್ಟಿಲ ಸುತ್ತ ಕೂತಿದ್ದರು. ಕೆಂಪು ರುಮಾಲಿನವನು ತೊಟ್ಟಿಲೊಳಗೆ ಬಗ್ಗಿ ನೋಡುತ್ತಿದ್ದ. ಅಂದು ಅವಳ ಧೈರ್ಯ ಹೋಯಿತು.

ಮೂರು ತಿಂಗಳಿಗೆ ವೈದ್ಯನ ಬಳಿ ಹೋದಾಗ ಹೇಳಿಯೇಬಿಡಬೇಕೆಂದು ನಿಶ್ಚಯಿಸಿದ್ದಳು. ಗದ್ದ ಇಟ್ಟಳು. ವೈದ್ಯ ದೀಪ ಹಿಡಿದ.

“ಸಾಹೇಬ್ರ, ಒಂದು ಮಾತು ಕೇಳೋದಿತ್ತು,” ಎಂದಳು.

“ಮಾತಾಡಬ್ಯಾಡ ಯವ್ವಾ, ಕಣ್ಣು ಅಲುಗತೈತಿ.”

ಅವಳು ಬಾಯಿ ಮುಚ್ಚಿದಳು. ನೋಡುವುದು ಮುಗಿಯಿತು. ವೈದ್ಯ ಬರೆದುಕೊಂಡ. ಮುಂದಿನವರನ್ನು ಕರೆದ. ಅವಳು ಎದ್ದು ನಿಂತು ಸ್ವಲ್ಪ ತಡೆದಳು. ಆಗ ವೈದ್ಯನ ಕುರ್ಚಿಯ ಹಿಂದೆ ಕೆಂಪು ರುಮಾಲು ಕಂಡಿತು. ವೈದ್ಯ ಅತ್ತ ತಿರುಗಿ ಸೀಸೆ ತೆಗೆದುಕೊಂಡ. ಅವನ ಕೈ ರುಮಾಲಿನ ನಡುವೆಯೇ ಹಾದುಹೋಯಿತು. ಎಲ್ಲರ ಕಣ್ಣು ಬಲ್ಲ ಇವನಿಗೇ ಇವರು ಕಾಣುವುದಿಲ್ಲ, ಇನ್ನು ಯಾರನ್ನು ಕೇಳಲಿ ಎಂದುಕೊಂಡು ಹೊರಗೆ ಬಂದಳು.

ಎಕ್ಕದ ಹಾಲು ಬಿದ್ದರೆ ಕಣ್ಣು ಹೋಗುತ್ತದೆ ಎಂದು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು. ಕಣ್ಣು ಮುಚ್ಚಿದರೆ ಆ ಮಂದಿ ಇರುವುದಿಲ್ಲ. ಹಾಗಾದರೆ ಕಣ್ಣೇ ಇಲ್ಲದಿದ್ದರೆ? ಸೊಸೆ ಬಟ್ಟೆ ಒಗೆಯಲು ಹೋದ ಒಂದು ಬೆಳಿಗ್ಗೆ ಹಿತ್ತಲಿಗೆ ತಡವರಿಸಿಕೊಂಡು ಹೋಗಿ ಎಲೆ ಮುರಿದಳು. ಮೂರು ದಿನ ಹಾಗೆಯೇ ಮಾಡಿದಳು. ಕಣ್ಣು ಬಂದಿದೆ ಎಂದು ಸೊಸೆಗೆ ಹೇಳಿ, ಒದ್ದೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಮಲಗಿದಳು. ಉರಿಗೆ ಹಲ್ಲು ಕಚ್ಚಿದಳು. ನಾಲ್ಕನೆಯ ದಿನ ಸೊಸೆ ಬಟ್ಟೆ ಬಿಚ್ಚಿ ನೋಡಿ ಚೀರಿದಳು.

ವೈದ್ಯ ತಾಸುಗಟ್ಟಲೆ ಕಣ್ಣು ತೊಳೆದ. ಉಳಿದಿದ್ದ ಅಂಚಿನ ನೋಟವೂ ಹೋಗಿತ್ತು. ಅವನಿಗೆ ಸಿಟ್ಟು ಬಂದಿತ್ತು.

“ಯಾರು ಹಾಕಿದರು ಇದನ್ನ?”

“ನಾನ ಹಾಕ್ಕೊಂಡೆ,” ಎಂದಳು ಫಕೀರವ್ವ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿದಳು. ಸೊಸೆ ಕೂಸನ್ನು ಅವಚಿಕೊಂಡು ಗೋಡೆಗೆ ಸರಿದಳು. ವೈದ್ಯ ಕೇಳುತ್ತ ನಿಂತ. ಅವನ ಕೈಯಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು. ತನಗೆ ತಿಳಿದದ್ದನ್ನು ಆಗ ಅವಳಿಗೆ ಬಿಡಿಸಿ ಹೇಳಿದ.

ಅವಳು ತಡವಿ ಅವನ ತೋಳು ಹಿಡಿದುಕೊಂಡಳು.

“ಹಂಗಾರ ನಾ ಹುಚ್ಚಿ ಅಲ್ಲ?”

“ಅಲ್ಲ ಯವ್ವಾ.”

“ನಿಮಗ ಇದು ಮೊದಲ ಗೊತ್ತಿತ್ತು?”

“ಗೊತ್ತಿತ್ತು.”

ಅವಳು ಬೈಯಲಿಲ್ಲ. ಬಟ್ಟೆ ಕಟ್ಟಿದ ಮುಖವನ್ನು ಅವನ ಕಡೆ ಎತ್ತಿ, ಮನೆಯ ಸುದ್ದಿ ಹೇಳುವವಳಂತೆ ಮೆಲ್ಲಗೆ ಹೇಳಿದಳು: “ಕಣ್ಣು ಹೋದವು. ಅವರು ಹೋಗಲಿಲ್ಲ ಸಾಹೇಬ್ರ. ಮೊದಲ ಕಣ್ಣು ಮುಚ್ಚಿದರ ಹೋಗತಿದ್ರು. ಈಗ ಮುಚ್ಚಲಿಕ್ಕೆ ಏನೈತಿ? ಇಲ್ಲೇ ಅದಾರ. ನಿಮ್ಮ ಹಿಂದ ನಿಂತಾರ.”

ವೈದ್ಯನಿಗೆ ಎಲ್ಲ ಗೊತ್ತಿತ್ತು. ಆದರೂ ಅವನು ತಿರುಗಿ ನೋಡಿದ.

ಅಲ್ಲಿ ತೆರೆದ ಬಾಗಿಲಿತ್ತು. ಬಾಗಿಲಾಚೆ ಬೆಂಚುಗಳ ಮೇಲೆ ಅವನ ರೋಗಿಗಳು ಕೂತಿದ್ದರು. ಇಪ್ಪತ್ತು ಮಂದಿ ಇರಬಹುದು. ಎಷ್ಟೋ ವರ್ಷಗಳಿಂದ ಬರುತ್ತಿದ್ದವರು. ಯಾರೂ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಒಬ್ಬ ಮುದುಕ ತನ್ನ ಪಕ್ಕದ ಖಾಲಿ ಜಾಗಕ್ಕೆ ತಾಗದಂತೆ ಮೈ ಮುದುಡಿ ಕೂತಿದ್ದ. ಒಬ್ಬಳು ತಲೆ ತಗ್ಗಿಸಿ, ಸೆರಗನ್ನು ಕಣ್ಣಿಗೆ ಒತ್ತಿ ಹಿಡಿದಿದ್ದಳು. ವೈದ್ಯ ಇವರನ್ನು ದಿನವೂ ದಾಟಿ ಹೋಗುತ್ತಿದ್ದ.

ಅವನು ಹೊರಗೆ ಬಂದು ನಿಂತು ಕೇಳಿದ: “ಇಲ್ಲದ ಮಂದಿ ನಿಮ್ಮಲ್ಲಿ ಯಾರಿಗಾದರೂ ಕಾಣುತ್ತಾರೇನು?”

ಯಾರೂ ಉಸಿರೆತ್ತಲಿಲ್ಲ.

ಅವನು ಅವರ ನಡುವೆ ಬೆಂಚಿನ ಮೇಲೆ ಕೂತ. ಅದು ಏಕೆ ಕಾಣುತ್ತದೆ, ಅದರಲ್ಲಿ ಹೆದರುವಂಥದು ಏನೂ ಇಲ್ಲ, ಅದು ಬುದ್ಧಿ ಕೆಟ್ಟದ್ದಲ್ಲ ಎಂದು ನಿಧಾನವಾಗಿ ಹೇಳಿದ. ಆಮೇಲೆ ಮತ್ತೆ ಕೇಳಿದ.

ಮೈ ಮುದುಡಿ ಕೂತಿದ್ದ ಮುದುಕ ಕೈ ಎತ್ತಿದ. ಅವನು ಶಾಲಾ ಮಾಸ್ತರನಾಗಿದ್ದವನು. “ನನ್ನ ಹೆಂಡತಿ ಮುಖದ ಮ್ಯಾಲೆ ಬಳ್ಳಿ ಹಬ್ಬತೈತ್ರೀ,” ಎಂದ. “ಬಾಯಿ, ಮೂಗು, ಎಲ್ಲಾ ಎಲಿ. ಎರಡು ವರ್ಷ ಆತು, ಆಕಿ ಮುಖ ಎತ್ತಿ ನೋಡಿಲ್ಲ. ನನ್ನ ಮ್ಯಾಲೆ ಯಾಕ ಸಿಟ್ಟು ಅಂತ ಆಕಿ ಅಳತಾಳ.”

ಆಮೇಲೆ ಇನ್ನೊಂದು ಕೈ ಎದ್ದಿತು. ಮತ್ತೊಂದು. ಒಟ್ಟು ಐದು. ಒಬ್ಬರಿಗೊಬ್ಬರು ತಾಗಿಯೇ ಕೂತಿದ್ದವರು. ಪಕ್ಕದವರ ಕೈ ಎದ್ದದ್ದು ಅವರಿಗೆ ಕಾಣಲಿಲ್ಲ. ಆದ್ದರಿಂದ ವೈದ್ಯ ಐದು ಎಂದು ಗಟ್ಟಿಯಾಗಿ ಹೇಳಬೇಕಾಯಿತು. ಮಾಸ್ತರ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಒಳಗೆ ಸೊಸೆ ಇದನ್ನೆಲ್ಲ ಕೇಳಿಸಿಕೊಂಡಳು. ಗೋಡೆ ಬಿಟ್ಟು ಬಂದು ಕೂಸನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು. ಫಕೀರವ್ವ ಕೂಸಿನ ತಲೆ, ಬೆರಳು, ಅಂಗಾಲು ಎಲ್ಲವನ್ನೂ ಮುಟ್ಟಿ ನೋಡಿದಳು. ಮುಂದೆ ಆರು ವರ್ಷ ಬದುಕಿದಳು. ಸೊಸೆ ದಾರ ಪೋಣಿಸಿ ಕೊಟ್ಟರೆ ಕೈಯಂದಾಜಿನಲ್ಲೇ ಕೌದಿ ಹೊಲಿಯುತ್ತಿದ್ದಳು. ಗೋಡೆಯ ಮಂದಿ ಬರುತ್ತಿದ್ದರು, ಕೂರುತ್ತಿದ್ದರು. ಅವಳು ಅವರ ನಡುವೆಯೇ ನಡೆದು ಹೋಗುತ್ತಿದ್ದಳು. ವೈದ್ಯ ಅಂದಿನಿಂದ ದೀಪ ಹಿಡಿಯುವ ಮೊದಲು ಪ್ರತಿಯೊಬ್ಬರನ್ನೂ ಕೇಳತೊಡಗಿದ. ದಿನಕ್ಕೆ ಅರವತ್ತು ಜನರನ್ನು ನೋಡುತ್ತಿದ್ದವನು ನಲವತ್ತೇ ಜನರನ್ನು ನೋಡಿದ. ಫಕೀರವ್ವನ ಎರಡು ಕಣ್ಣು ಮಾತ್ರ ಅವನಿಂದ ಮರಳಿ ಬರಲಿಲ್ಲ.

ಗುರುಗಳು ನಿಲ್ಲಿಸಿದರು.

ಶಿಷ್ಯ ಹೇಳಿದ: “ಆ ವೈದ್ಯನ ಮಾತು ಬೇರೆ, ಗುರುಗಳೇ. ನನ್ನ ಬಳಿ ಬರುವವರಲ್ಲಿ ಹಾಗೆ ಒಳಗೊಳಗೇ ಹೆದರಿ ಕೂತವರು ಯಾರೂ ಇಲ್ಲ. ಇದ್ದಿದ್ದರೆ ನನಗೆ ಹೇಳುತ್ತಿದ್ದರು.”

“ಅವನೂ ಮೂವತ್ತು ವರ್ಷ ಇದೇ ಮಾತು ಹೇಳಿದ,” ಎಂದರು ಗುರುಗಳು.