ಹೆಸರಿಲ್ಲದ ರಾಗಿ ಚೀಲ

“ಅಮ್ಮಾ, ಎದೆಯ ಕ್ಯಾನ್ಸರಿನಿಂದ ಬದುಕಿ ಉಳಿದವರೆಲ್ಲ ಎಲ್ಲಿ ಹೋಗುತ್ತಾರೆ?” ಎಂದು ದಾಕ್ಷಾಯಿಣಿ ಕೇಳಿದಳು.

ಅವಳು ವಾರಕ್ಕೆರಡು ದಿನ ಆಶ್ರಮದಿಂದ ಪಟ್ಟಣದ ಆಸ್ಪತ್ರೆಗೆ ಹೋಗಿ, ಹೆಂಗಸರ ವಾರ್ಡಿನಲ್ಲಿ ಗಂಜಿ ಕೊಟ್ಟು ಬರುವವಳು. ವಾಸಿಯಾದವರು ಮನೆಗೆ ಹೋದರೆ ಮತ್ತೆ ಇತ್ತ ತಲೆ ಹಾಕುವುದಿಲ್ಲ. ಮರಳಿ ಬರುವವರು ರೋಗ ಮರುಕಳಿಸಿದವರು. ಹೀಗಾಗಿ ಅವಳು ಕಂಡದ್ದು ನರಳುವವರನ್ನು ಮಾತ್ರ.

“ಏಳನೆಯ ಹಾಸಿಗೆಯಾಕೆ ಆಪರೇಷನ್ ಬೇಡವೆನ್ನುತ್ತಿದ್ದಾಳೆ. ‘ಇದರಿಂದ ಉಳಿದು ಇಪ್ಪತ್ತು ವರ್ಷ ಬಾಳಿದ ಒಬ್ಬಳ ಹೆಸರು ಹೇಳು ತಂಗಿ, ನಾಳೆಯೇ ರುಜು ಹಾಕುತ್ತೇನೆ’ ಅಂದಳು. ನನಗೆ ಒಂದು ಹೆಸರೂ ಗೊತ್ತಿರಲಿಲ್ಲ.”

ಗುರುಮಾತೆ ಗೌರಾಂಬೆಯವರು ಪುಸ್ತಕವನ್ನು ಎಂದಿನಂತೆ ಎದೆಗೆ ಆನಿಸಿ ಹಿಡಿದು ಕೂತಿದ್ದರು. ಹಾಗೆಯೇ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯಿನಿ ಇದ್ದಳು. ಶಿಸ್ತಿನ ಹೆಂಗಸು. ಅವಳ ಸೆರಗಿನ ನೆರಿಗೆ ಕದಲಿದ್ದನ್ನು ಯಾರೂ ಕಂಡಿರಲಿಲ್ಲ. ನಲವತ್ತನೆಯ ವಯಸ್ಸಿನಲ್ಲಿ ಅವಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಬೇಸಿಗೆ ರಜೆಯಲ್ಲಿ ದೂರದ ಆಸ್ಪತ್ರೆಗೆ ಒಬ್ಬಳೇ ಹೋದಳು. ಎದೆ ತೆಗೆಸಿಕೊಂಡು ಒಬ್ಬಳೇ ಬಂದಳು. ಮುಂದಿನ ಔಷಧಕ್ಕೆ ಕೂದಲು ಉದುರಿದಾಗ, ಹರಕೆಯ ಮುಡಿ ಕೊಟ್ಟೆನೆಂದು ಹೇಳಿದಳು. ಪ್ರಸಾದ ಎಲ್ಲಿ ಎಂದು ಕೇಳಿದವರಿಗೆ ಅಂಗಡಿಯ ಲಾಡು ಹಂಚಿದಳು. ಊರು ನಂಬಿತು.

ಆದರೆ ರವಿಕೆ ನಂಬುವುದಿಲ್ಲ. ಆ ಊರಿನಲ್ಲಿ ರವಿಕೆ ಹೊಲಿಯುವ ಒಬ್ಬ ಮುದುಕಿ ಇದ್ದಳು. ಉಪಾಧ್ಯಾಯಿನಿ ಅವಳ ಮನೆಗೆ ಹೋಗಿ, ಬಾಗಿಲು ಹಾಕಿಸಿ, ಯಾರಿಗೂ ಹೇಳಬಾರದೆಂದು ಮೊದಲು ಆಣೆ ಇಡಿಸಿಕೊಂಡಳು. ಆಮೇಲೆ ಸೆರಗು ಸರಿಸಿದಳು. ಮುದುಕಿ ಅಳತೆ ತೆಗೆದುಕೊಂಡಳು. ರವಿಕೆಯ ಒಳಗೆ ಇಡುವುದಕ್ಕೆ ಒಂದು ಚೀಲ ಹೊಲಿದಳು. ಅರಳೆ ತುಂಬಿದರೆ ಭಾರ ಸಾಲದು, ಒಂದು ಹೆಗಲು ಮೇಲೇಳುತ್ತದೆ. ಅಕ್ಕಿಗೆ ಹುಳ ಹಿಡಿಯುತ್ತದೆ. ಮುದುಕಿ ರಾಗಿ ತುಂಬಿದಳು. ಬಟ್ಟೆ ಸವೆದಾಗಲೆಲ್ಲ ಹೊಸ ಚೀಲ ಹೊಲಿದು, ಅದೇ ರಾಗಿಯನ್ನು ಸುರಿದುಕೊಟ್ಟಳು.

ವರ್ಷಗಳು ಕಳೆದವು. ರೋಗ ಮರಳಲಿಲ್ಲ. ಆದರೆ ಉಪಾಧ್ಯಾಯಿನಿ ಯಾರ ಮದುವೆಗೂ ಹಿಂದಿನ ದಿನ ಹೋಗಿ ಉಳಿಯಲಿಲ್ಲ. ತಂಗಿಯ ಬಾಣಂತನಕ್ಕೂ ಹೋಗಿ ನಿಲ್ಲಲಿಲ್ಲ. ನಾಲ್ವರು ಹೆಂಗಸರು ಒಂದೇ ಕೋಣೆಯಲ್ಲಿ ಸೀರೆ ಬದಲಿಸುವ ಕಡೆ ಅವಳಿಗೆ ಜಾಗವಿರಲಿಲ್ಲ. ಶಾಲೆಯ ಮಕ್ಕಳು ತಬ್ಬಿಕೊಳ್ಳಲು ಓಡಿ ಬಂದರೆ ಪುಸ್ತಕವನ್ನು ಅಡ್ಡ ಹಿಡಿದಳು. ‘ಮೇಡಂಗೆ ಎಷ್ಟು ಬಿಗುಮಾನ’ ಎಂದಿತು ಊರು. ಅನ್ನಲಿ ಎಂದು ಬಿಟ್ಟಳು. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ.

ಹನ್ನೆರಡನೆಯ ವರ್ಷ ಮುದುಕಿ ಶಾಲೆಯ ಬಾಗಿಲಿಗೇ ಬಂದಳು. ಹಪ್ಪಳ ಮಾಡಿ ಮಾರುವ ಒಬ್ಬ ಹೆಂಗಸು, ಹೊಲಿಯಲು ಕೊಟ್ಟ ರವಿಕೆ ಕಣವನ್ನು ವಾಪಸು ಕೇಳಿದ್ದಳಂತೆ. ಅವಳ ಎದೆಯಲ್ಲೂ ಗಂಟು. ‘ನಮ್ಮ ಕೇರಿಯಲ್ಲಿ ಮೂವರಿಗೆ ಬಂತು, ಮೂವರೂ ಹೋದರು. ಹೋಗೋದೇ ಆದರೆ ಇಡೀ ಮೈಯಲ್ಲೇ ಹೋಗ್ತೀನಿ’ ಅಂದಿದ್ದಳಂತೆ.

“ತಾಯಿ, ನನ್ನ ಆಣೆ ಬಿಡಿಸಿ. ನೀವು ಬರೋದೂ ಬೇಡ, ಹೆಸರೊಂದು ಹೇಳ್ತೀನಿ,” ಎಂದಳು ಮುದುಕಿ.

“ಹೆಸರು ಹೇಳಿದ ಮೇಲೆ ಇನ್ನೇನು ಉಳಿಯಿತು? ನಾಳೆಯಿಂದ ನಾನು ಬೋರ್ಡಿನ ಮೇಲೆ ಬರೆದದ್ದನ್ನು ಯಾರು ನೋಡುತ್ತಾರೆ?”

“ರಾಗಿ ಗಟ್ಟಿ ಅಂದುಕೊಂಡಿದ್ದೆ. ನೀವು ಅದಕ್ಕಿಂತ ಗಟ್ಟಿ, ಬಿಡಿ.”

ಉಪಾಧ್ಯಾಯಿನಿಗೆ ಈ ಮಾತು ಚುಚ್ಚಿತು. ಅಂದು ಸಂಜೆ ತನ್ನ ಚೀಲವನ್ನೇ ಮುದುಕಿಯ ಕೈಗೆ ಕೊಟ್ಟು, “ಇದನ್ನು ತೋರಿಸು, ಹೆಸರು ಬೇಡ” ಎಂದಳು. ಅಷ್ಟು ಕೊಟ್ಟದ್ದೇ ದೊಡ್ಡ ದಾನವೆಂದು ಅವಳಿಗೆ ತೋರಿತು.

ಮುದುಕಿ ಹೋಗಿ ತೋರಿಸಿದಳು. ಇದರ ಒಡತಿ ಹನ್ನೆರಡು ವರ್ಷದಿಂದ ಚೆನ್ನಾಗಿದ್ದಾಳೆ ಎಂದಳು. ಹಪ್ಪಳದ ಹೆಂಗಸು ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ, ಯಾರು ಎಂದು ಕೇಳಿದಳು. ಮುದುಕಿ ತಲೆ ತಗ್ಗಿಸಿದಳು.

“ಬದುಕಿದ್ದರೆ ಒಂದು ಹೆಸರು ಇರ್ತಿರಲಿಲ್ವಾ ಅಜ್ಜಿ?” ಎಂದು ಅವಳು ನಕ್ಕು ಚೀಲವನ್ನು ಹಿಂದಕ್ಕೆ ಕೊಟ್ಟಳು.

ಉಪಾಧ್ಯಾಯಿನಿ ಶಾಲೆಗೆ ಹೋಗುವ ದಾರಿಯಲ್ಲೇ ಆ ಮನೆ. ಅಂಗಳದಲ್ಲಿ ದಿನವೂ ಹಪ್ಪಳದ ಚಾಪೆ ಹಾಸಿರುತ್ತಿತ್ತು. ಎರಡು ವರ್ಷ ಅವಳು ಅದನ್ನು ನೋಡುತ್ತಾ ದಾಟಿದಳು. ದಿನವೂ ಒಂದು ಗಳಿಗೆ ನಿಧಾನಿಸಿ, ಮತ್ತೆ ನಡೆದಳು. ಮೂರನೆಯ ಬೇಸಿಗೆಯಲ್ಲಿ ಚಾಪೆ ಹಾಸಿರಲಿಲ್ಲ.

ಸಾವಿನ ಮನೆಗೆ ಅವಳೂ ಹೋದಳು. ಎಲ್ಲರ ನಡುವೆ ನಿಂತಳು. ಪಕ್ಕದ ಹೆಂಗಸು ನಿಟ್ಟುಸಿರಿಟ್ಟು, “ಈ ರೋಗ ಬಂದವರು ಯಾರು ಉಳಿದಾರೆ, ಅಲ್ವಾ ಮೇಡಂ?” ಎಂದಳು.

ಉಪಾಧ್ಯಾಯಿನಿ ಹೌದೆಂದು ತಲೆಯಾಡಿಸಿದಳು.

ಗುರುಮಾತೆ ಇಲ್ಲಿಗೆ ನಿಲ್ಲಿಸಿದರು.

“ಆಮೇಲಾದರೂ ಅವಳು ಬಾಯಿ ಬಿಟ್ಟಳೇ ಅಮ್ಮಾ?” ಎಂದಳು ದಾಕ್ಷಾಯಿಣಿ. ಅವಳ ದನಿಯಲ್ಲಿ ಕೋಪವಿತ್ತು.

ಗುರುಮಾತೆ ಎದ್ದು ಒಳಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಒಂದು ಪುಟ್ಟ ಚೀಲವಿತ್ತು. ಅದನ್ನು ದಾಕ್ಷಾಯಿಣಿಯ ಅಂಗೈ ಮೇಲಿಟ್ಟರು. ಬಟ್ಟೆಯ ಒಳಗೆ ಕಾಳು ಮೆಲ್ಲಗೆ ಸರಿದವು. ಚೀಲ ಇನ್ನೂ ಬೆಚ್ಚಗಿತ್ತು. ದಾಕ್ಷಾಯಿಣಿ ತಲೆ ಎತ್ತಿ ನೋಡಿದಳು. ಗುರುಮಾತೆಯ ಎದೆಗೆ ಪುಸ್ತಕ ಅಡ್ಡವಿರಲಿಲ್ಲ.

“ಇಪ್ಪತ್ತೇಳು ವರ್ಷವಾಯಿತು ಮಗಳೇ, ಏಳನೆಯ ಹಾಸಿಗೆಗೆ ಇದನ್ನು ಕೊಡು, ಈ ಸಲ ಹೆಸರನ್ನೂ ಹೇಳು.”