ಹನ್ನೆರಡು ಬಳೆಗಳ ಕೊಟ್ಟಿಗೆ

"ಗುರುಗಳೇ, ನಮ್ಮ ಮನೆತನದ ಚರಿತ್ರೆ ಬರೆಯಲು ಕುಳಿತಿದ್ದೇನೆ. ಹಿರಿಯರ ಒಳ್ಳೆಯದನ್ನಷ್ಟೇ ಬರೆದರೆ ತಪ್ಪಾಗುವುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಹೊಲಗದ್ದೆಗಿಂತ ತನ್ನ ತಾತ ಕಟ್ಟಿಸಿದ ಕೊಟ್ಟಿಗೆಯ ಮೇಲೆ ಹೆಮ್ಮೆ. ಎರಡು ಮೊಳ ದಪ್ಪದ ಕಲ್ಲುಗೋಡೆ, ಆರು ತೇಗದ ಕಂಬ, ಒಂದೇ ಬಾಗಿಲು. ಕಿಟಕಿ ಇಲ್ಲ, ಸೂರಿನ ಕೆಳಗೆ ಕೈ ತೂರುವಷ್ಟು ಗವಾಕ್ಷಿಗಳು ಮಾತ್ರ. ಗೋಡೆಯುದ್ದಕ್ಕೂ ಹನ್ನೆರಡು ಕಬ್ಬಿಣದ ಬಳೆಗಳು. ತಾತನಿಗೆ ಹನ್ನೆರಡು ಎತ್ತುಗಳಿದ್ದವು, ಒಂದೊಂದನ್ನೂ ಮಕ್ಕಳಂತೆ ಸಾಕಿದ್ದ ಎಂದು ರೈತ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ತಲೆದೂಗುತ್ತಿದ್ದರು. ಉಂಡು ಹೋಗುವವರು ತಲೆದೂಗದೆ ಇನ್ನೇನು ಮಾಡಿಯಾರು?

ಕಾಲ ಕಳೆದಂತೆ ಕೊಟ್ಟಿಗೆಯ ಬಾಳೂ ಬದಲಾಗಿತ್ತು. ಅಪ್ಪನ ಕಾಲಕ್ಕೆ ಅಲ್ಲಿ ರೇಷ್ಮೆಹುಳು ಸಾಕಿದರು. ಅಪ್ಪ ಹೆಚ್ಚು ಮಾತಿನವನಲ್ಲ. ವರ್ಷ ವರ್ಷವೂ ತಾನೇ ನಿಂತು ಆ ಗೋಡೆಗಳಿಗೆ ಸುಣ್ಣ ಬಳಿಯುತ್ತಿದ್ದ. ರೈತನ ಕಾಲಕ್ಕೆ ರಾಗಿ ಮೂಟೆ, ಹುಲ್ಲು ಬಂದವು. ಕೂದಲು ನರೆತ ಮೇಲೆ ಅವನಿಗೆ ಅದನ್ನು ಊರಿಗೆ ಬಿಟ್ಟುಕೊಡುವ ಮನಸ್ಸಾಯಿತು. ಒಳಗೆ ಮದುವೆ, ನಾಮಕರಣ ನಡೆಯಲಿ, ಬಾಗಿಲ ಮೇಲೆ ತಾತನ ಹೆಸರಿನ ಕಲ್ಲು ಇರಲಿ ಎಂದುಕೊಂಡ. ಹಳೆಯ ಸುಣ್ಣ ಕೆರೆದು ನೆಲಕ್ಕೆ ಚಪ್ಪಡಿ ಹಾಸಲು ಒಬ್ಬ ಕಲ್ಲುಕುಟಿಗನನ್ನು ಕರೆಸಿದ.

ರೈತನ ಮನೆಯಲ್ಲಿ ದ್ಯಾವಮ್ಮ ಎಂಬ ಮುದುಕಿ ನಲವತ್ತು ವರ್ಷದಿಂದ ಆಳಾಗಿದ್ದಳು. ಅವನ ಹಿತ್ತಲಿನ ಗುಡಿಸಲೇ ಅವಳ ಮನೆ. ಹೊತ್ತು ತಂದ ಹುಲ್ಲಿನ ಹೊರೆಯನ್ನು ಕೊಟ್ಟಿಗೆಯ ಹೊಸ್ತಿಲಲ್ಲೇ ಇಳಿಸುತ್ತಿದ್ದಳೇ ಹೊರತು ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. "ಒಳಗೇನು ನಿನ್ನ ಅತ್ತೆ ಕೂತಿದ್ದಾಳಾ?" ಎಂದು ರೈತ ರೇಗಿಸುತ್ತಿದ್ದ. ಅವಳು ಮಂಡಿನೋವು ಎನ್ನುತ್ತಿದ್ದಳು.

ಚಪ್ಪಡಿ ಹಾಸುವ ಮುನ್ನ ನಡೆಯಬೇಕಿದ್ದ ಪೂಜೆಯ ಹಿಂದಿನ ದಿನ ಮಧ್ಯಾಹ್ನ ರೈತ ಅವಳನ್ನು ಕರೆದ. ವಯಸ್ಸಿನಲ್ಲಿ ಹಿರಿಯಳು, ಮೊದಲ ದೀಪ ಅವಳೇ ಹಚ್ಚಲಿ ಎಂಬುದು ಅವನ ಆಸೆ. ಎಂಥ ದೊಡ್ಡ ಮನಸ್ಸು ತನ್ನದು ಎಂದು ಒಳಗೊಳಗೇ ಹಿಗ್ಗಿದ್ದ.

"ನನ್ನ ಕೈಲಾಗಕಿಲ್ಲ ಬುದ್ಧಿ. ಒಳೀಕೆ ಬರಾಕಿಲ್ಲ" ಎಂದಳು ದ್ಯಾವಮ್ಮ.

ಕೆಲಸದವರೆಲ್ಲ ನೋಡುತ್ತಿದ್ದರು. ರೈತನ ಮುಖ ಕೆಂಪಾಯಿತು. "ಉಂಡ ಮನೆ ಜಂತೆ ಎಣಿಸ್ತೀಯಾ? ನಾಳೆ ಬೆಳಗ್ಗೆ ಈ ಹೊಸ್ತಿಲು ದಾಟಬೇಕು ನೀನು. ಇಲ್ಲ, ಮಡಕೆ ಕುಡಿಕೆ ಎತ್ಕೊಂಡು ಗುಡಿಸಲು ಬಿಟ್ಟು ನಡಿ!"

ಆಡಿದ ಮಾತು ಆಡಿಯಾಗಿತ್ತು. ದ್ಯಾವಮ್ಮ ಅಳಲಿಲ್ಲ, ಬೇಡಲಿಲ್ಲ. ಗೋಡೆ ಕೆರೆಯುತ್ತಿದ್ದ ಕಲ್ಲುಕುಟಿಗ ಬಾಗಿಲಿಗೆ ಬಂದು ನಿಂತ.

"ಗೌಡ್ರೇ, ಇಲ್ಲಿ ಎತ್ತು ಕಟ್ಟಿದ್ದನ್ನ ನೀವು ಕಣ್ಣಾರೆ ಕಂಡಿದ್ದೀರಾ?"

"ಕಾಣೋದೇನು ಬಂತು? ಊರಿಗೇ ಗೊತ್ತು."

ಕಲ್ಲುಕುಟಿಗ ಅವನನ್ನು ಒಳಗೆ ಕರೆದುಕೊಂಡು ಹೋಗಿ ಅಗೆದ ನೆಲ ತೋರಿಸಿದ. ಗಂಜಲ ಹರಿಯುವ ಕಾಲುವೆ ಇರಲಿಲ್ಲ. ಇಳಿಜಾರೂ ಇರಲಿಲ್ಲ. ಮೇವು ಹಾಕುವ ಗೋದಲಿ ಇದ್ದ ಗುರುತೂ ಇರಲಿಲ್ಲ. ಬಳೆಗಳು ನೆಲದಿಂದ ಒಂದು ಗೇಣು ಎತ್ತರದಲ್ಲಿದ್ದವು. ಹುಟ್ಟಿದಾಗಿನಿಂದ ಕಂಡ ಬಳೆಗಳು. ಅವು ಅಷ್ಟು ತಗ್ಗಿನಲ್ಲಿರುವುದನ್ನು ರೈತ ಅಂದು ನೋಡಿದ. ಸುಣ್ಣ ಕೆರೆದ ಗೋಡೆಯಲ್ಲಿ ಪ್ರತಿ ಬಳೆಯ ಮೇಲ್ಗಡೆಯೂ ಒಂದೊಂದು ಕಪ್ಪು ಕಲೆ. ಅಲ್ಲಿ ಕಲ್ಲು ಬೆವರು ಕುಡಿದು, ಸವೆದು ನುಣ್ಣಗಾಗಿತ್ತು. ಕಲ್ಲುಕುಟಿಗ ಒಂದು ಬಳೆಯ ಬಳಿ ನೆಲಕ್ಕೆ ಕುಳಿತು ಬೆನ್ನು ಒರಗಿಸಿದ. ಕಲೆ ಸರಿಯಾಗಿ ಅವನ ತಲೆಯ ಹಿಂದೆ ಬಂತು.

"ಎತ್ತು ಗೋಡೆಗೆ ಒರಗಿ ಕೂರಾಕಿಲ್ಲ ಗೌಡ್ರೇ" ಎಂದ.

ರೈತ ಒಂದೊಂದೇ ಕಲೆ ನೋಡುತ್ತಾ ಹೋದ. ಕೊನೆಯದು ಅವನ ಮೊಣಕಾಲಿನ ಮಟ್ಟಕ್ಕಿತ್ತು. ಕುಳಿತವರ ತಲೆ ಅಷ್ಟು ತಗ್ಗಿಗೆ ಬರಬೇಕಾದರೆ ಅದು ಮಗುವಿನದೇ ಆಗಿರಬೇಕು. ಅವನು ಹೊಸ್ತಿಲಿನ ಆಚೆ ನಿಂತಿದ್ದ ದ್ಯಾವಮ್ಮನ ಕಡೆ ತಿರುಗಿದ.

"ಮೂರನೇದು ನಮ್ಮಪ್ಪ" ಎಂದಳು ಅವಳು. "ಕೊನೇದು ನಮ್ಮಣ್ಣ. ಹೊಲದಾಗೆ ಜೀತ ದುಡಿದು ಬಂದೋರ ಕಾಲ್ಗೆ ಸಂಜೆ ಸರಪಣಿ ಹಾಕೋರು, ಓಡೋಗದಂಗೆ."

"ನಲವತ್ತು ವರ್ಷ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಕೇಳಿದ್ರಿ ಬುದ್ಧಿ? ನೀವೇ ಹೇಳ್ತಾ ಇದ್ರಿ."

ರೈತನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಗುಡಿಸಲು ಬಿಟ್ಟು ನಡಿ ಎಂದ ಗಂಟಲು ತನ್ನದಾದರೂ ಮಾತು ತಾತನದು ಎನ್ನಿಸಿತು. ಅಪ್ಪ ಬಾಯಿ ಬಿಡದೆ ಬಳಿದ ಸುಣ್ಣವೆಲ್ಲ ಕಾಲ ಬುಡದಲ್ಲಿ ಪುಡಿಯಾಗಿ ಬಿದ್ದಿತ್ತು. ರೈತ ಕಲ್ಲುಕುಟಿಗನ ಹಾರೆ ಕಿತ್ತುಕೊಂಡು, ಬಾಗಿಲ ಬಳಿ ಕೆತ್ತಿಟ್ಟಿದ್ದ ತಾತನ ಹೆಸರಿನ ಕಲ್ಲನ್ನು ಎರಡು ತುಂಡು ಮಾಡಿದ. ಆಮೇಲೆ ಹುಚ್ಚು ಹಿಡಿದವನಂತೆ ಗೋಡೆಗೂ ಹಾರೆ ಎತ್ತಿದ. ಸುತ್ತಲಿದ್ದವರ ಕಣ್ಣೆಲ್ಲ ಆ ಹಾರೆಯ ಮೇಲಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ರೈತ ಏನು ಮಾಡಿದ ಗುರುಗಳೇ? ಕೊಟ್ಟಿಗೆಯನ್ನು ಕೆಡವಿದನೇ, ಉಳಿಸಿದನೇ?"

"ನೀನು ರೈತನ ಬಗ್ಗೆ ಕೇಳಿದೆ, ಕೊಟ್ಟಿಗೆಯ ಬಗ್ಗೆಯೂ ಕೇಳಿದೆ, ಬೆಳಗಾದರೆ ಗುಡಿಸಲು ಬಿಡಬೇಕಾದ ಮುದುಕಿ ಏನಾದಳೆಂದು ನೀನೂ ಕೇಳಲಿಲ್ಲವಲ್ಲ" ಎಂದರು ಗುರುಗಳು.