ಬಣ್ಣ ಒಣಗುವುದರೊಳಗೆ

ನೋಡು ಚಿನ್ನವ್ವ, ನಿಮ್ಮಜ್ಜಿಗೆ ಇವತ್ತು ಗಂಟಲು ಕಟ್ಟಿದೆ, ಅದಕ್ಕೇ ಕತೆ ಹೇಳೋ ಕೆಲಸ ಈ ನಿನ್ನ ಮಾವನ ತಲೆಗೆ ಬಂದಿದೆ. ಅಜ್ಜಿ ತನ್ನ ಕತೆಗೆ ಒಂದಿಷ್ಟು ಉಪ್ಪುಖಾರ ಸೇರಿಸ್ತಾಳೆ, ನಾನು ಸೇರಿಸೋನಲ್ಲ. ಈ ದೀಪದ ಆಣೆ, ನನ್ನ ಮೀಸೆಯ ಆಣೆ, ಪ್ರತಿ ಮಾತೂ ನಿಜ. ಸುಳ್ಳು ಹೇಳೋಕೆ ನನಗೆ ಬರೋದೇ ಇಲ್ಲ, ಚಿಕ್ಕಂದಿನಲ್ಲಿ ಕಲಿಯೋಕೆ ಹೋಗಿ ಫೇಲಾದೆ.

ಗುಡ್ಡಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಒಂದು ಬೋಳುಗುಡ್ಡದ ಬುಡದಲ್ಲಿ ಚಿತ್ರಗಾರರ ಕೇರಿ ಇತ್ತಂತೆ. ಮರದ ಗೊಂಬೆಗೆ, ತೊಟ್ಟಿಲಿಗೆ ಬಣ್ಣ ಬರೆಯೋದು ಅವರ ಕೆಲಸ. ಅಲ್ಲಿ ಕಾಳಪ್ಪ, ಮೌನೇಶ, ದ್ಯಾಮವ್ವ ಅಂತ ಮೂವರು ಒಡಹುಟ್ಟಿದವರು. ಅವರು ಗೋಡೆ ಮೇಲೆ ಬರೆದ ಗಿಣಿಯನ್ನ ಬೆಕ್ಕು ಹಿಡಿಯೋಕೆ ಹೋಗಿ ಮೂಗು ಜಜ್ಜಿಕೊಳ್ತಿತ್ತಂತೆ. ಆ ಬೆಕ್ಕಿನ ವಂಶದ ಮರಿಯನ್ನ ನಾನೇ ಸಾಕಿದ್ದೆ, ಮೂಗು ಚಪ್ಪಟೆಯೇ ಇತ್ತು. ಆದರೆ ಮೂವರಿಗೂ ಬರೆಯೋದು ಬರ್ತಿತ್ತೇ ಹೊರತು ಹೇಳಿಕೊಡೋದು ಬರ್ತಿರಲಿಲ್ಲ. ದ್ಯಾಮವ್ವ ಕೇರಿಯ ಮಕ್ಕಳಿಗೆ ಕಲಿಸ್ತಿದ್ದಳು ನಿಜ, ಆದರೆ ಮಗು ಗೆರೆ ಸೊಟ್ಟ ಎಳೆದರೆ ಸಾಕು, ಕೊಡು ಇಲ್ಲಿ ಅಂತ ಕುಂಚ ಕಿತ್ತುಕೊಂಡು ತಾನೇ ತಿದ್ದಿಬಿಡೋಳು. ಚಿತ್ರ ಚೆಂದ ಆಗ್ತಿತ್ತು, ಮಗು ಎದ್ದು ಗೋಲಿ ಆಡೋಕೆ ಹೋಗ್ತಿತ್ತು.

ಆ ಗುಡ್ಡದ ಗವಿಯಲ್ಲಿ ಒಬ್ಬ ರಾಕ್ಷಸಿ ಇದ್ದಳಂತೆ. ಒಂದು ದಿನ ಅವಳ ದನಿ ಬಂಡೆ ಉರುಳಿದ ಹಾಗೆ ಕೇರಿಗೆ ಇಳಿದು ಬಂತು. ನನ್ನ ಕೂಸು ಸತ್ತು ಬಹಳ ಕಾಲವಾಯ್ತು, ಅದರ ಮುಖ ಮರೆತುಹೋಗ್ತಾ ಇದೆ, ನಾನೇ ಬರೆದಿಟ್ಟುಕೋಬೇಕು, ಬಂದು ಕಲಿಸಿ ಅಂದಳಂತೆ. ತೆಂಗಿನ ಚಿಪ್ಪಿನಲ್ಲಿ ಕಲಸಿದ ಬಣ್ಣ ಒಣಗೋದರೊಳಗೆ ನನಗೆ ಬರಬೇಕು. ಬರಲಿಲ್ಲವೋ, ಕಲಿಸೋಕೆ ಬಂದವರನ್ನ ತಿಂತೀನಿ. ಯಾರೂ ಬರಲಿಲ್ಲವೋ, ನಾನೇ ಇಳಿದು ಬಂದು ಕೇರಿಯ ಮಕ್ಕಳನ್ನೆಲ್ಲ ತಿಂತೀನಿ ಅಂತಲೂ ಅಂದಳು. ತಾಯಂದಿರು ಮಕ್ಕಳನ್ನ ಕಾಳು ತುಂಬೋ ಗುಡಾಣದಲ್ಲಿ ಬಚ್ಚಿಟ್ಟು ಮೇಲೆ ಮೊರ ಮುಚ್ಚಿದರಂತೆ.

ಮೊದಲು ಹೋದೋನು ಕಾಳಪ್ಪ. ಗವಿಯಲ್ಲಿ ಹಸಿ ಮೂಳೆಯ ವಾಸನೆ. ಕತ್ತಲಲ್ಲಿ ಎರಡು ಕಣ್ಣು ಬಾಣಲೆಯಷ್ಟಗಲ ತೆರಕೊಂಡವು, ಆಮೇಲೆ ಬಹಳ ಮರ್ಯಾದೆಯಿಂದ, ಹೇಳಿಕೊಡಿ ಮೇಷ್ಟ್ರೇ ಅಂದಳಂತೆ. ಆ ಮರ್ಯಾದೆಗೇ ಅವನ ಮೈ ಬೆವೆತುಹೋಯ್ತು. ಸರಸರ ಅಂತ ಬಂಡೆ ಮೇಲೆ ಕಮಲದ ಕಣ್ಣಿನ ಕೂಸು ಬರೆದು, ಹೀಗೆ ಬರಿ ಅಂದ. ಇದು ನಿಮ್ಮ ಗೊಂಬೆ ಮುಖ ಮೇಷ್ಟ್ರೇ, ನನ್ನ ಕೂಸಿನದ್ದಲ್ಲ, ಕೈಯೂ ನಿಮ್ಮದೇ ಅಂದಳು. ಅಷ್ಟರಲ್ಲಿ ಚಿಪ್ಪಿನ ಬಣ್ಣ ಚಿಟ್ ಅಂತ ಬಿರಿಯಿತು. ಕಾಳಪ್ಪನ ಚಪ್ಪಲಿ ಮಾತ್ರ ಉಳಿಯಿತಂತೆ.

ಆಮೇಲೆ ಮೌನೇಶ ಹೋದ. ಇವನಿಗೆ ಅಳತೆಯೆಲ್ಲ ಬಾಯಿಪಾಠ. ಹಣೆ ಒಂದು ಪಾಲು, ಮೂಗು ಒಂದು ಪಾಲು, ಮೂಗಿನಿಂದ ಗದ್ದಕ್ಕೆ ಒಂದು ಪಾಲು ಅಂತ ಒಪ್ಪಿಸಿ, ನೇಗಿಲಿನಂಥ ಅವಳ ಬೆರಳು ಹಿಡಿದು ತಾನೇ ಎಳೆಸಿದ. ಅವನು ಹಿಡಿದಿರೋವರೆಗೂ ಗೆರೆ ಬಂತು, ಬಿಟ್ಟ ತಕ್ಷಣ ನಿಂತಿತು. ಈಗ ಎಲ್ಲಿಗೆ ಹೋಗಬೇಕು ಮೇಷ್ಟ್ರೇ ಅಂತ ಅವಳು ಕೇಳ್ತಿದ್ದ ಹಾಗೇ ಬಣ್ಣ ಚಿಟ್ ಅಂತು. ಅಲ್ಲಿಗೆ ಎರಡು ಜೊತೆ ಚಪ್ಪಲಿ.

ಇನ್ನು ಯಾರೂ ಹೋಗದಿದ್ದರೆ ಗುಡಾಣದ ಮಕ್ಕಳ ಗತಿ ಏನು ಅಂತ ದ್ಯಾಮವ್ವ ಹೊರಟಳು. ಗವಿಯ ಬಾಯಲ್ಲಿ ಅಣ್ಣಂದಿರ ಚಪ್ಪಲಿ ಕಂಡು ಅವಳ ಕೈ ಹೇಗೆ ನಡುಗಿತು ಅಂದರೆ, ಬಣ್ಣವನ್ನೇನೋ ಕಲಸಿದಳು, ಕುಂಚ ಹಿಡಿಯೋಕೆ ಆಗಲಿಲ್ಲ. ರಾಕ್ಷಸಿಗೆ ಕಾಣಬಾರದು ಅಂತ ಎರಡೂ ಕೈಯನ್ನ ತೊಡೆ ಕೆಳಗೆ ಸೇರಿಸಿ ಕೂತಳಂತೆ. ಇನ್ನು ಉಳಿದದ್ದು ಬಾಯಿ ಒಂದೇ.

ಹೇಳಿಕೊಡಿ ಅಕ್ಕೋರೇ ಅಂದಳು ರಾಕ್ಷಸಿ, ಹಲ್ಲು ಕಟಕಟ.

ಕೂಸು ಮಲಗಿದಾಗ ನಿನ್ನ ಕೈ ಎಲ್ಲಿರ್ತಿತ್ತು ತಾಯಿ ಅಂತ ಕೇಳಿದಳು ದ್ಯಾಮವ್ವ.

ರಾಕ್ಷಸಿ ಗುರ್ ಅಂದಳು. ಆಮೇಲೆ ಕಣ್ಣು ಮುಚ್ಚಿದಳು. ಅವಳ ಬೆರಳು ಗಾಳಿಯಲ್ಲಿ ಒಂದು ಕೆನ್ನೆಯನ್ನ ನಿಧಾನವಾಗಿ ಸವರಿತು. ಆ ಬೆರಳು ಹೋದ ದಾರಿಯಲ್ಲೇ ಕುಂಚ ಹೋಗಲಿ ಅಂದಳು ದ್ಯಾಮವ್ವ.

ಬಂಡೆ ಮೇಲೆ ಬಿದ್ದ ಗೆರೆ ಎಂಥದ್ದು ಅಂತೀಯಾ, ಒದೆ ತಿಂದ ಹಲಸಿನಕಾಯಿ. ಅದನ್ನ ಕಂಡದ್ದೇ ತಡ, ಹಳೇ ಚಟ ನೋಡು, ದ್ಯಾಮವ್ವನ ಬಲಗೈ ತಾನಾಗೇ ತೊಡೆ ಕೆಳಗಿಂದ ಈಚೆ ಬಂತು. ರಾಕ್ಷಸಿಯ ಮೂಗಿನ ಹೊಳ್ಳೆ ಅರಳಿತು. ಮೊದಲು ಬಂದ ಅಣ್ಣಂದಿರ ಕೈಯೂ ಹೀಗೇ ಮುಂದೆ ಬಂದಿದ್ದವು. ದ್ಯಾಮವ್ವ ಉಸಿರು ಬಿಗಿಹಿಡಿದು ಆ ಕೈಯನ್ನ ವಾಪಸ್ ತುರುಕಿ, ಅದರ ಮೇಲೆ ಭಾರ ಬಿಟ್ಟು ಕೂತಳು. ಚಿಪ್ಪಿನಲ್ಲಿ ಬಣ್ಣ ಕೆನೆ ಕಟ್ಟೋಕೆ ಶುರುವಾಗಿತ್ತು.

ಇದರಲ್ಲಿ ನಿನ್ನ ಕೂಸು ಎಲ್ಲಿದೆ, ಎಲ್ಲಿಲ್ಲ, ನೀನೇ ನೋಡಿ ಹೇಳು ಅಂದಳು.

ರಾಕ್ಷಸಿ ನೋಡಿದಳು. ನೋಡ್ತಾನೇ ಇದ್ದಳು. ಬಣ್ಣದ ಅಂಚು ಎದ್ದಿತು. ದ್ಯಾಮವ್ವನ ಬೆನ್ನಿನ ಮೇಲೆ ಬೆವರು ಇಳಿಯಿತು, ಆದರೂ ಬಾಯಿ ಬಿಡಲಿಲ್ಲ.

ಕಿವಿ, ಅಂದಳು ರಾಕ್ಷಸಿ. ಎಡಗಿವಿ ಹೀಗಿರಲಿಲ್ಲ. ಎಲೆ ಮಡಚಿದ ಹಾಗೆ ಮಡಚಿಕೊಂಡಿತ್ತು. ಅಯ್ಯೋ, ಮರೆತೇಬಿಟ್ಟಿದ್ದೆ.

ಅಂತ ಹೇಳಿ ಆ ಮಡಚಿದ ಕಿವಿಯನ್ನ ತಾನೇ ಬರೆದಳು. ಅಷ್ಟರಲ್ಲಿ ಬಣ್ಣ ಇನ್ನೇನು ಬಿರಿಯಬೇಕು, ದ್ಯಾಮವ್ವ ಕಣ್ಣು ಮುಚ್ಚಿಕೊಂಡಳು. ಚಿಟ್ ಅನ್ನಲಿಲ್ಲ. ತೊಟ್ ಅಂತು. ರಾಕ್ಷಸಿಯ ಒಂದು ಹನಿ ಕಣ್ಣೀರು ಅಂದರೆ ಒಂದು ಕೊಡ, ಚಿಪ್ಪು ಅದರಲ್ಲಿ ತೇಲಿಹೋಯ್ತಂತೆ. ಬಣ್ಣ ಗವಿ ತುಂಬ ಹರಿಯಿತು, ಇನ್ನು ಒಣಗೋದು ಎಲ್ಲಿಂದ ಬಂತು. ಆ ಬಣ್ಣದಲ್ಲೇ ಕುಂಚ ಅದ್ದಿ ಅದ್ದಿ ಮೂಗು, ಬಾಯಿ, ಕಣ್ಣು, ಎಲ್ಲ ಬರೆದಳು. ಸೊಟ್ಟಪಟ್ಟ ಮುಖವೇ, ಆದರೆ ಅವಳ ಕೂಸಿನದ್ದೇ. ಅದಕ್ಕೆ ಕೆನ್ನೆ ಒತ್ತಿ ಅವಳು ಮಲಗಿದಳು. ಆಮೇಲೆ ಅವಳ ದನಿ ಕೆಳಗೆ ಇಳಿಯಲೇ ಇಲ್ಲವಂತೆ.

ಮಕ್ಕಳು ಗುಡಾಣದಿಂದ ಈಚೆ ಬಂದು ಕುಂಚ ಹಿಡಿದರು. ಆವತ್ತಿಂದ ಆ ಕೇರಿಯಲ್ಲಿ ಚಿತ್ರ ಕಲಿಸೋರೆಲ್ಲ ಕೈಯನ್ನ ತೊಡೆ ಕೆಳಗಿಟ್ಟುಕೊಂಡೇ ಕೂರ್ತಾರೆ.

ಯಾಕೆ ಹಾಗೆ ನೋಡ್ತೀಯಾ? ಕಾಳಪ್ಪ, ಮೌನೇಶ ಪಾಪ ಅಂತಲಾ? ಸರಿ ಮಾರಾಯ್ತಿ, ಒಂದು ಸಣ್ಣ ವಿಷಯ ನಾನೇ ಸೇರಿಸಿದ್ದು. ಅವಳು ಅವರನ್ನ ತಿನ್ನಲಿಲ್ಲ. ಗವಿಯ ಮೂಲೆಯಲ್ಲಿ ಕೂರಿಸಿ, ಬಾಯಿ ಮುಚ್ಚಿಕೊಂಡು ನೋಡಿ ಮೇಷ್ಟ್ರೇ ಅಂದಿದ್ದಳು. ನೋಡಿ ನೋಡಿ ಅವರೂ ಹೇಳಿಕೊಡೋದು ಕಲಿತರು, ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ತಂಗಿಯ ಹಿಂದೆ ಗುಡ್ಡ ಇಳಿದರು. ಮಿಕ್ಕಿದ್ದೆಲ್ಲ ನಿಜ, ಬೆಕ್ಕಿನ ಸಮೇತ. ಕತೆ ಇಲ್ಲಿಗೆ ಆಯ್ತು, ಎಲ್ಲಿ, ನಿನ್ನ ಕೈ ಎರಡೂ ಹೊದ್ದ ಕೌದಿ ಒಳಗಿಟ್ಟುಕೊಂಡು ಮಲಗು.